ತತ್ತಿ ಸಲಾಡಿಗೆ ಮಯೋನೀಸ್ ಬದಲು ಏನು? ಕಟ್ಟಿದ ಮೊಸರು, ಶೇಂಗಾ, ತೊಗರಿ ಬೇಳೆ

ನಾಲ್ಕು ತತ್ತಿಯ ಸಲಾಡಿಗೆ ಸಾಮಾನ್ಯವಾಗಿ ನಾಲ್ಕು ದೊಡ್ಡ ಚಮಚ ಮಯೋನೀಸ್ ಬೀಳುತ್ತದೆ, ಅಂದರೆ ಸುಮಾರು 55 ಗ್ರಾಂ. ತತ್ತಿ ಹಾಕಿ ಮಾಡಿದ ಅಸಲಿ ಮಯೋನೀಸಿನ 100 ಗ್ರಾಂನಲ್ಲಿ 75 ಗ್ರಾಂ ಆಸುಪಾಸು ಕೊಬ್ಬು, 680 ಕ್ಯಾಲರಿ ಇರುತ್ತದೆ. ಲೆಕ್ಕ ಹಾಕಿದರೆ ಆ ನಾಲ್ಕು ಚಮಚದಿಂದಲೇ 370 ಕ್ಯಾಲರಿ ಬರುತ್ತದೆ. ನಾಲ್ಕು ತತ್ತಿಯಿಂದ ಬರುವುದು ಸುಮಾರು 290. ಕಲಬುರಗಿಯ ಸ್ಯಾಂಡ್‌ವಿಚ್ ಅಂಗಡಿಗಳಲ್ಲಿ, ಶಾಲೆ ಮಕ್ಕಳ ಡಬ್ಬಿಯಲ್ಲಿ, ಜಿಮ್‌ಗೆ ಹೋಗುವ ಹುಡುಗರ ರಾತ್ರಿ ಊಟದಲ್ಲಿ ಈಗ ತತ್ತಿ ಸಲಾಡ್ ಮಾಮೂಲಿಯಾಗಿದೆ. ಪ್ರೋಟೀನ್ ಬೇಕೆಂದು ತಿನ್ನುವವರು ಈ ಲೆಕ್ಕ ಒಮ್ಮೆ ನೋಡಿಕೊಳ್ಳಬೇಕು. ತಟ್ಟೆಯಲ್ಲಿ ತತ್ತಿಗಿಂತ ಎಣ್ಣೆಯ ಪಾಲೇ ದೊಡ್ಡದಿದೆ.

ಹಾಗಂತ ಮಯೋನೀಸ್ ತೆಗೆದು ಆ ಜಾಗಕ್ಕೆ ನಾಲ್ಕು ಚಮಚ ಮೊಸರು ಸುರಿದರೆ ಕೆಲಸ ಕೆಡುತ್ತದೆ. ಹೆಚ್ಚಿನವರು ಮಾಡುವುದು ಇದನ್ನೇ. ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ, ಹಳದಿ ಬಾಯಲ್ಲಿ ಒಣಒಣ ಅನಿಸುತ್ತದೆ, ಹುಳಿ ಮಾತ್ರ ಎದ್ದು ಕಾಣುತ್ತದೆ. ಮನೆಯವರು ಒಂದು ಸಲ ತಿಂದು ಮರುದಿನ ಮತ್ತೆ ಬಾಟಲಿ ತರುತ್ತಾರೆ. ಹೀಗಾಗಬಾರದೆಂದರೆ ಮಯೋನೀಸ್ ಅಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಅದು ಮಾಡುವ ಕೆಲಸ ನಾಲ್ಕು. ಬೆಂದ ಹಳದಿ ಪುಡಿಪುಡಿಯಾಗಿರುತ್ತದೆ, ಅದರ ಪ್ರತಿ ಕಣಕ್ಕೂ ಕೊಬ್ಬಿನ ತೆಳು ಪದರ ಹಚ್ಚಿ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಮಾಡುತ್ತದೆ. ಬಿಳಿ ಭಾಗದ ತುಂಡುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಹುಳಿ ಮತ್ತು ಉಪ್ಪನ್ನು ಎಲ್ಲ ಕಡೆ ಸಮನಾಗಿ ಹರಡುತ್ತದೆ. ನಾಲ್ಕನೆಯದನ್ನು ಯಾರೂ ಗಮನಿಸುವುದಿಲ್ಲ: ಅದು ತನ್ನಲ್ಲಿರುವ ನೀರನ್ನು ಬಿಟ್ಟುಕೊಡುವುದಿಲ್ಲ. ಎಣ್ಣೆಯ ಸಣ್ಣ ಸಣ್ಣ ಹನಿಗಳು ಸ್ವಲ್ಪವೇ ನೀರಿನಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ತತ್ತಿ ಹಳದಿಯ ಲೆಸಿಥಿನ್ ಆ ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಹಾಗಾಗಿ ಬದಲಿಗೆ ಏನನ್ನೇ ತಂದರೂ ಅದು ಗಟ್ಟಿ ಇರಬೇಕು, ಅದರಲ್ಲಿ ಒಂದಿಷ್ಟಾದರೂ ಕೊಬ್ಬು ಇರಬೇಕು, ನೀರು ಬಿಡಬಾರದು. ಬಣ್ಣ ಬಿಳಿಯಾಗಿರಬೇಕೆಂಬ ನಿಯಮವಿಲ್ಲ. ನಮ್ಮ ಭಾಗದ ಅಡುಗೆಮನೆಯಲ್ಲಿ ಈ ಗುಣ ಇರುವ ಪದಾರ್ಥಗಳಿಗೆ ಕೊರತೆ ಇಲ್ಲ. ಗಟ್ಟಿ ಮೊಸರು, ಶೇಂಗಾ, ಅಗಸಿ, ತೊಗರಿ ಬೇಳೆ, ಕುಸುಬಿ ಎಣ್ಣೆ ಇದ್ದರೆ ಸಾಕು. ದೂರದ ಊರಿನಿಂದ ಏನನ್ನೂ ತರಿಸಬೇಕಿಲ್ಲ.

ಮಯೋನೀಸ್ ಬಗ್ಗೆ ಇನ್ನೊಂದು ಮಾತು, ಇದು ಕ್ಯಾಲರಿಗೆ ಸಂಬಂಧಿಸಿದ್ದಲ್ಲ. ಹಸಿ ತತ್ತಿಯಿಂದ ಮಾಡಿದ ಮಯೋನೀಸಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿಯುವ ಅಪಾಯ ಇದೆ. ಅದು ಬೇಯಿಸುವ ಪದಾರ್ಥವಲ್ಲ, ಹೊರಗಿಟ್ಟಷ್ಟೂ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕೇರಳ 2023ರ ಜನವರಿಯಲ್ಲಿ ಹಸಿ ತತ್ತಿಯ ಮಯೋನೀಸ್ ನಿಷೇಧಿಸಿತು. ಬೀದರ್ ಗಡಿ ದಾಟಿದರೆ ಸಿಗುವ ತೆಲಂಗಾಣ 2024ರ ಅಕ್ಟೋಬರ್ 30ರಂದು ಒಂದು ವರ್ಷದ ನಿಷೇಧ ಹೇರಿತು. ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಬಾಟಲಿಯಲ್ಲಿ ಬರುವ ಕಂಪನಿ ಮಾಲಿನಲ್ಲಿ ಸಾಮಾನ್ಯವಾಗಿ ಪಾಶ್ಚರೀಕರಿಸಿದ ತತ್ತಿ ಇರುತ್ತದೆ ಅಥವಾ ತತ್ತಿಯೇ ಇರುವುದಿಲ್ಲ, ಅದರಲ್ಲಿ ಈ ಭಯ ಕಡಿಮೆ. ಆದರೆ ‘ಎಗ್‌ಲೆಸ್’ ಎಂದ ಮಾತ್ರಕ್ಕೆ ಹಗುರ ಎಂದುಕೊಳ್ಳಬೇಡಿ. ಲೇಬಲ್ಲಿನ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು ಎಂಬುದು ಕಾನೂನು. ಮೊದಲ ಹೆಸರು ಖಾದ್ಯ ತೈಲವೇ, ಸಕ್ಕರೆ ಎಷ್ಟನೆಯ ಸಾಲಿನಲ್ಲಿದೆ, ಇವೆರಡನ್ನು ನೋಡಿದರೆ ಬಾಟಲಿಯ ಹಣೆಬರಹ ಗೊತ್ತಾಗುತ್ತದೆ.

ತತ್ತಿ ಕುದಿಸುವ ಕೆಲಸ

ಸಲಾಡ್ ನೀರಾಗುವುದು, ಗಬ್ಬು ವಾಸನೆ ಬರುವುದು ಅರ್ಧಕ್ಕರ್ಧ ಇಲ್ಲೇ ಶುರುವಾಗುತ್ತದೆ. ತಣ್ಣೀರಿನಲ್ಲಿ ತತ್ತಿ ಇಟ್ಟು ಒಲೆ ಹಚ್ಚುವ ಪದ್ಧತಿ ಬಿಡಿ. ನೀರು ಮೊದಲು ಕುದಿಯಲಿ. ಉರಿ ಸಣ್ಣಗೆ ಮಾಡಿ, ಸೌಟಿನಿಂದ ಒಂದೊಂದೇ ತತ್ತಿಯನ್ನು ನಿಧಾನವಾಗಿ ಇಳಿಸಿ, ಮತ್ತೆ ಉರಿ ಮಧ್ಯಮಕ್ಕೆ ತಂದು 11 ನಿಮಿಷ ಬಿಡಿ. ಸಣ್ಣ ಗಾತ್ರದ ಜವಾರಿ ತತ್ತಿಗೆ 9 ನಿಮಿಷ ಸಾಕು. ಕುದಿಯುವ ನೀರಿಗೇ ಇಳಿಸಿದಾಗ ಬಿಳಿ ಭಾಗದ ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಪೊರೆಗೆ ಅಂಟುವುದು ಕಡಿಮೆಯಾಗಿ ಸಿಪ್ಪೆ ಸಲೀಸಾಗಿ ಬರುತ್ತದೆ.

ನಿನ್ನೆ ಮೊನ್ನೆ ಕೋಳಿ ಇಟ್ಟ ತತ್ತಿಯ ಸಿಪ್ಪೆ ಸುಲಿಯುವುದು ಕಷ್ಟ. ತಾಜಾ ತತ್ತಿಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ದಿನ ಕಳೆದಂತೆ ಅದು ಸಿಪ್ಪೆಯ ಸಣ್ಣ ರಂಧ್ರಗಳಿಂದ ಹೊರಹೋಗಿ ಬಿಳಿ ಭಾಗ ಹೆಚ್ಚು ಕ್ಷಾರವಾಗುತ್ತದೆ, ಪೊರೆಯ ಹಿಡಿತ ಸಡಿಲಾಗುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇಟ್ಟ ತತ್ತಿ ಸಲಾಡಿಗೆ ಬಹಳ ಒಳ್ಳೆಯದು. ಅಂಗಡಿಯ ಹೊರಗೆ ಬಿಸಿಲಿಗೆ ಒಡ್ಡಿ ಇಟ್ಟ ತತ್ತಿ ಮಾತ್ರ ಬೇಡ. ನೀರಿನ ಪಾತ್ರೆಯಲ್ಲಿ ಹಾಕಿದಾಗ ಮೇಲೆ ತೇಲಿದರೆ ಒಳಗಿನ ಗಾಳಿಯ ಜಾಗ ದೊಡ್ಡದಾಗಿದೆ, ಬಹಳ ಹಳೆಯದು ಎಂದರ್ಥ. ಅಂಥದನ್ನು ಸಲಾಡಿಗೆ ಬಳಸದಿರುವುದೇ ಲೇಸು.

ಕುದಿದ ಮೇಲೆ ತಣಿಸುವುದು ಕುದಿಸುವಷ್ಟೇ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಮಾಳಿಗೆ ಮೇಲಿನ ಟ್ಯಾಂಕಿನಿಂದ ಬರುವ ನೀರು ಮಧ್ಯಾಹ್ನ ಕೈ ಸುಡುತ್ತದೆ. ಆ ನಲ್ಲಿ ನೀರಿನಲ್ಲಿ ತತ್ತಿ ತಣಿಯುವುದಿಲ್ಲ, ಒಳಗೆ ಬೇಯುತ್ತಲೇ ಇರುತ್ತದೆ. ಹಾಗೆ ಹೆಚ್ಚು ಬೆಂದಾಗ ಬಿಳಿ ಭಾಗದಿಂದ ಹೈಡ್ರೋಜನ್ ಸಲ್ಫೈಡ್ ಹೊರಟು ಹಳದಿಯ ಕಬ್ಬಿಣದ ಜೊತೆ ಸೇರುತ್ತದೆ. ಹಳದಿಯ ಸುತ್ತ ಕಾಣುವ ಬೂದು-ಹಸಿರು ಉಂಗುರ ಅದೇ. ತಿಂದರೆ ಅಪಾಯವಿಲ್ಲ, ಆದರೆ ಆ ಗಂಧಕದ ವಾಸನೆಯನ್ನು ಮಯೋನೀಸ್ ಮುಚ್ಚಿದಷ್ಟು ಮೊಸರು ಮುಚ್ಚುವುದಿಲ್ಲ. ಐಸ್ ಹಾಕಿದ ನೀರು ಅಥವಾ ಗಡಿಗೆಯ ತಣ್ಣೀರು ಬಳಸಿ, ಹತ್ತು ನಿಮಿಷ ಪೂರ್ತಿ ಬಿಡಿ, ಮಧ್ಯೆ ಒಮ್ಮೆ ನೀರು ಬದಲಿಸಿ.

ಸುಲಿದ ತತ್ತಿಯನ್ನು ಒಣ ಬಟ್ಟೆಯಿಂದ ಒರೆಸಿ. ಇದೊಂದು ಸಣ್ಣ ಕೆಲಸ, ಆದರೆ ತಪ್ಪಿಸಬೇಡಿ. ಮೈಗೆ ಅಂಟಿದ ನೀರೇ ನಾಲ್ಕು ತತ್ತಿಗೆ ಒಂದು ಸಣ್ಣ ಚಮಚವಾಗುತ್ತದೆ. ತತ್ತಿ ಪೂರ್ತಿ ತಣ್ಣಗಾಗುವ ತನಕ ಏನನ್ನೂ ಬೆರೆಸಬೇಡಿ. ಬೆಚ್ಚಗಿನ ಹಳದಿ ಮೊಸರನ್ನು ತೆಳ್ಳಗೆ ಮಾಡುತ್ತದೆ.

ಕಟ್ಟಿದ ಮೊಸರು: ಮೊದಲ ಆಯ್ಕೆ

ಶ್ರೀಖಂಡಕ್ಕೆ ಮಾಡುವ ಚಕ್ಕಾ ಇದೆಯಲ್ಲ, ಅದೇ ಬೇಕು. ಎಮ್ಮೆ ಹಾಲಿನ ಅಥವಾ 6% ಕೊಬ್ಬಿನ ಪ್ಯಾಕೆಟ್ ಹಾಲಿನ ಮೊಸರು ಅರ್ಧ ಕಿಲೋ ತೆಗೆದುಕೊಳ್ಳಿ. ತೆಳು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಜರಡಿಗೆ ಹಾಸಿ, ಮೊಸರನ್ನು ಕಲಕದೆ ದೊಡ್ಡ ಗಡ್ಡೆಗಳಾಗಿಯೇ ಇಳಿಸಿ, ಕೆಳಗೊಂದು ಬಟ್ಟಲಿಟ್ಟು ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ಗಂಟೆ ಬಿಡಿ. 200 ಗ್ರಾಂಗಿಂತ ತುಸು ಹೆಚ್ಚು ಗಟ್ಟಿ ಮೊಸರು ಉಳಿಯುತ್ತದೆ. ಮೊಸರನ್ನು ಮೊದಲೇ ಕಲಕಿದರೆ ಹೆಪ್ಪು ಒಡೆದು ಬಿಳಿ ಭಾಗವೂ ಬಟ್ಟೆಯಿಂದ ಸೋರುತ್ತದೆ. ಕಟ್ಟಿ ಹೊರಗೆ ಗೂಟಕ್ಕೆ ತೂಗು ಹಾಕುವ ಹಳೆಯ ಪದ್ಧತಿ ಚಳಿಗಾಲಕ್ಕೆ ಸರಿ. 42 ಡಿಗ್ರಿ ಬಿಸಿಲಿನ ದಿನ ಎರಡೇ ಗಂಟೆಯಲ್ಲಿ ಹುಳಿ ಹತ್ತುತ್ತದೆ, ಆಮೇಲೆ ಆ ಹುಳಿಯನ್ನು ಯಾವುದರಿಂದಲೂ ತಗ್ಗಿಸಲಾಗುವುದಿಲ್ಲ. ಹೆಪ್ಪು ಹಾಕುವಾಗಲೂ ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೇ ಮೊಸರಾಗುತ್ತದೆ. ಗಟ್ಟಿಯಾದ ಕೂಡಲೇ ಫ್ರಿಜ್ಜಿಗಿಡಿ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ನಾದಲು ಅದು ಚೆನ್ನಾಗಿರುತ್ತದೆ.

ನಾಲ್ಕು ತತ್ತಿಗೆ ಈ ಮೊಸರು 80 ಗ್ರಾಂ, ಅಂದರೆ ಐದು ದೊಡ್ಡ ಚಮಚ. ಕುಸುಬಿ ಎಣ್ಣೆ ಅಥವಾ ಗಾಣದ ಶೇಂಗಾ ಎಣ್ಣೆ ಒಂದು ಸಣ್ಣ ಚಮಚ. ಸಾಸಿವೆ ಪುಡಿ ಕಾಲು ಸಣ್ಣ ಚಮಚ. ಕರಿಮೆಣಸಿನ ಪುಡಿ ಕಾಲು ಸಣ್ಣ ಚಮಚ. ಉಪ್ಪು ಅರ್ಧ ಸಣ್ಣ ಚಮಚಕ್ಕೆ ತುಸು ಕಡಿಮೆ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಎರಡು ದೊಡ್ಡ ಚಮಚ, ಕೋತಂಬರಿ ಒಂದು ದೊಡ್ಡ ಚಮಚ. ನಿಂಬೆ ರಸ ಕೊನೆಗೆ ರುಚಿ ನೋಡಿ, ಬೇಕಿದ್ದರೆ ಮಾತ್ರ.

ಸಾಸಿವೆ ಪುಡಿಯನ್ನು ಮೊದಲು ಒಂದು ಚಮಚ ತಣ್ಣೀರಿನಲ್ಲಿ ಕಲೆಸಿ ಹತ್ತು ನಿಮಿಷ ಬಿಡಿ. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಪುಡಿಯಾಗಿ ನೀರು ತಾಕಿದಾಗ ಒಳಗಿನ ಕಿಣ್ವ ಅದನ್ನು ಹುಟ್ಟಿಸುತ್ತದೆ. ಬಿಸಿ ನೀರು ಹಾಕಿದರೆ ಕಿಣ್ವ ಸತ್ತು ಬರೀ ಕಹಿ ಉಳಿಯುತ್ತದೆ. ನಿಂಬೆ ರಸವನ್ನು ಮೊದಲೇ ಹಾಕಿದರೂ ಘಾಟು ಏಳುವುದು ಕಡಿಮೆಯಾಗುತ್ತದೆ. ಹತ್ತು ನಿಮಿಷದ ಕಾಯುವಿಕೆಯಿಂದ ಆ ಕಾಲು ಚಮಚ ಇಡೀ ಸಲಾಡಿನ ಹಸಿ ವಾಸನೆ ತೆಗೆಯುತ್ತದೆ.

ಈಗ ಮುಖ್ಯ ಹಂತ. ಇಡೀ ತತ್ತಿಯನ್ನು ಕೊಚ್ಚಿ ಮೊಸರಿಗೆ ಹಾಕಬೇಡಿ. ಹಳದಿ ಬಿಳಿ ಬೇರೆ ಮಾಡಿ. ನಾಲ್ಕೂ ಹಳದಿಯನ್ನು ಬಟ್ಟಲಿನಲ್ಲಿ ಮುಳ್ಳುಚಮಚದಿಂದ ಅರೆದು ಎಣ್ಣೆ ಹಾಕಿ, ಗಂಟಿಲ್ಲದಂತೆ ಕಲೆಸಿ. ಸಾಸಿವೆ ಸೇರಿಸಿ. ಒಂದು ಚಮಚ ಮೊಸರು ಹಾಕಿ ಮತ್ತೆ ಅರೆಯಿರಿ, ಬೆಣ್ಣೆಯ ಹದ ಬಂದ ಮೇಲೆ ಉಳಿದ ಮೊಸರನ್ನು ಎರಡು ಸಲಕ್ಕೆ ಸೇರಿಸಿ. ಬೆಂದ ಹಳದಿಯಲ್ಲೂ ಲೆಸಿಥಿನ್ ಇದ್ದೇ ಇರುತ್ತದೆ. ಎಣ್ಣೆ ಮೊದಲು ಹಳದಿಗೆ ಸೇರಿದರೆ ಅದು ಕಣಗಳಿಗೆ ಹತ್ತಿ, ಆಮೇಲೆ ಬರುವ ಮೊಸರಿನ ಜೊತೆ ಒಂದಾಗಿ ನಿಲ್ಲುತ್ತದೆ. ಕ್ರಮ ತಿರುವುಮುರುವಾದರೆ ಎಣ್ಣೆ ಮೇಲೆ ತೇಲುತ್ತದೆ, ಹಳದಿ ಪುಡಿಯಾಗಿಯೇ ಉಳಿಯುತ್ತದೆ. ಮಯೋನೀಸಿನಲ್ಲಿ 40 ಗ್ರಾಂ ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಐದು ಗ್ರಾಂ ಎಣ್ಣೆ ಮತ್ತು ಹಳದಿಯ ಸ್ವಂತ ಕೊಬ್ಬು ಮಾಡುತ್ತವೆ. ಆ ಒಂದು ಚಮಚ ಎಣ್ಣೆಯನ್ನೂ ಆರೋಗ್ಯದ ಹೆಸರಿನಲ್ಲಿ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ರುಚಿ ಅದರ ಮೇಲೇ ನಿಂತಿದೆ.

ಬಿಳಿ ಭಾಗವನ್ನು ಕಡಲೆಕಾಳಿನ ಗಾತ್ರಕ್ಕೆ ಚಾಕುವಿನಿಂದ ಹೆಚ್ಚಿ, ಕೊನೆಗೆ ಹಗುರವಾಗಿ ಬೆರೆಸಿ. ತುರಿಯುವ ಮಣೆಗೆ ಹಚ್ಚಿದರೆ ಮುದ್ದೆಯಾಗಿ ನೀರೊಡೆಯುತ್ತದೆ. ಉಪ್ಪು, ಉಳ್ಳಾಗಡ್ಡಿ, ಕೋತಂಬರಿ ಬಡಿಸುವ ಹೊತ್ತಿಗೆ. ಇಡೀ ಡ್ರೆಸಿಂಗಿನ ಲೆಕ್ಕ ಸುಮಾರು 180 ಕ್ಯಾಲರಿ ಆಗುತ್ತದೆ, ಜೊತೆಗೆ ಮೊಸರಿನ ಪ್ರೋಟೀನು ಬೇರೆ.

ಜವಾರಿ ತತ್ತಿ ಬಳಸುವವರು ನಾಲ್ಕರ ಬದಲು ಐದು ಹಾಕಿ. ಅವುಗಳ ತೂಕ ಕಡಿಮೆ, ಹಳದಿಯ ಪಾಲು ಹೆಚ್ಚು, ಹಾಗಾಗಿ ಮೊಸರು ಒಂದು ಚಮಚ ಹೆಚ್ಚು ಕೇಳುತ್ತವೆ.

ಶೇಂಗಾ: ರುಚಿಯಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ

ನನ್ನ ಮಟ್ಟಿಗೆ ನಮ್ಮ ಭಾಗದ ತತ್ತಿ ಸಲಾಡ್ ಅಂದರೆ ಶೇಂಗಾದ್ದೇ. ಇದು ಕ್ಯಾಲರಿ ಇಳಿಸುವ ದಾರಿ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಶೇಂಗಾದ 100 ಗ್ರಾಂನಲ್ಲಿ 560ಕ್ಕೂ ಹೆಚ್ಚು ಕ್ಯಾಲರಿ ಇದೆ. ಆದರೆ ಅದರ ಜೊತೆ 25 ಗ್ರಾಂ ಪ್ರೋಟೀನು, ನಾರು ಎರಡೂ ಬರುತ್ತವೆ. ಬಾಟಲಿ ಮಯೋನೀಸಿನಲ್ಲಿ ಅವೆರಡೂ ಹೆಸರಿಗಷ್ಟೇ. ಹೊಟ್ಟೆ ತುಂಬಿದ ಹಾಗೆ ಇರುವುದೂ ಹೆಚ್ಚು ಹೊತ್ತು.

ನಾಲ್ಕು ತತ್ತಿಗೆ 40 ಗ್ರಾಂ ಶೇಂಗಾ. ಆರಿಸುವಾಗ ಮುದುಡಿದ, ಬಣ್ಣ ಬದಲಾದ, ಬೂಷ್ಟು ಹತ್ತಿದ ಕಾಳನ್ನು ತೆಗೆದುಹಾಕಿ. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ಕೈಯಾಡಿಸುತ್ತಾ ಹುರಿಯಿರಿ. ಸಿಪ್ಪೆ ಸಿಡಿಯಬೇಕು, ಒಳಗೆ ತಿಳಿ ಕಂದು ಬರಬೇಕು. ದೊಡ್ಡ ಉರಿಗೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ, ಆ ಹಸಿ ವಾಸನೆ ಸಲಾಡಿನಲ್ಲಿ ನೇರ ಮೂಗಿಗೆ ಹೊಡೆಯುತ್ತದೆ. ಆರಿದ ಮೇಲೆ ಸಿಪ್ಪೆ ತಿಕ್ಕಿ ಹಾರಿಸಿ, ಸಿಪ್ಪೆ ಉಳಿದರೆ ಒಗರು. ಮಿಕ್ಸಿಯ ಸಣ್ಣ ಜಾರಿನಲ್ಲಿ ನೀರು ಹಾಕದೆ, ಎಣ್ಣೆ ಬಿಟ್ಟು ಜಾರಿನ ಗೋಡೆಗೆ ಅಂಟುವ ತನಕ ತಿರುಗಿಸಿ. ನಂತರ ಅರ್ಧ ಎಸಳು ಬಳ್ಳೊಳ್ಳಿ, ಎರಡು ಸಣ್ಣ ಚಮಚ ನಿಂಬೆ ರಸ ಹಾಕಿ. ಈ ಹಂತದಲ್ಲಿ ಅದು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ. ಕೆಟ್ಟಿತು ಎಂದು ಎಣ್ಣೆ ಸುರಿಯಬೇಡಿ. ಸ್ವಲ್ಪವೇ ನೀರು ತಾಕಿದಾಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅದರ ಸ್ವಭಾವ. ತಣ್ಣೀರು ಒಂದೊಂದೇ ಚಮಚ ಹಾಕುತ್ತಾ ಹೋಗಿ, ಮೂರು ನಾಲ್ಕು ದೊಡ್ಡ ಚಮಚ ಆಗುವಷ್ಟರಲ್ಲಿ ಬಣ್ಣ ಬೆಳ್ಳಗಾಗಿ ನೊರೆನೊರೆಯಾದ ಕೆನೆಯ ಹಾಗೆ ಬರುತ್ತದೆ. ಆ ಬಿಳುಪೇ ಹದ ಬಂದ ಗುರುತು.

ಬರೀ ಶೇಂಗಾ ಭಾರ ಅನಿಸುವವರಿಗೆ ಮಧ್ಯದ ದಾರಿ ಇದೆ: ಕಟ್ಟಿದ ಮೊಸರು 50 ಗ್ರಾಂ, ಶೇಂಗಾ 20 ಗ್ರಾಂ. ಇದರಲ್ಲಿ ಬೇರೆ ಎಣ್ಣೆ ಬೇಡ. ಒಟ್ಟು 200 ಕ್ಯಾಲರಿ ಆಸುಪಾಸು ಆಗುತ್ತದೆ. ಮೊಸರಿನ ಹುಳಿ, ಶೇಂಗಾದ ಕೊಬ್ಬು ಎರಡೂ ಕೂಡಿದಾಗ ಮಯೋನೀಸ್ ನೆನಪಾಗುವುದಿಲ್ಲ. ಮನೆಮಂದಿಗೆ ಒಂದೇ ಒಂದನ್ನು ಮಾಡಿಕೊಡಬೇಕೆಂದರೆ ನಾನು ಆರಿಸುವುದು ಇದನ್ನೇ.

ಅರೆಯುವ ಹೊತ್ತಿಲ್ಲವೆಂದರೆ ಡಬ್ಬಿಯಲ್ಲಿರುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇದೆಯಲ್ಲ. ಕಟ್ಟಿದ ಮೊಸರಿಗೆ ಎರಡು ದೊಡ್ಡ ಚಮಚ ಹಿಂಡಿ ಕಲೆಸಿ. ಎರಡು ಎಚ್ಚರ ಬೇಕು. ಹಿಂಡಿಯಲ್ಲಿ ಉಪ್ಪು, ಖಾರ, ಬಳ್ಳೊಳ್ಳಿ ಆಗಲೇ ಇದೆ, ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಇನ್ನೊಂದು, ಹಿಂಡಿ ಕೂಡಲೇ ನೀರು ಹೀರುವುದಿಲ್ಲ, ಹದಿನೈದು ನಿಮಿಷದಲ್ಲಿ ಉಬ್ಬುತ್ತದೆ. ಕಲೆಸಿದಾಗ ಸರಿಯಿದ್ದ ಸಲಾಡ್ ಊಟದ ಹೊತ್ತಿಗೆ ಮುದ್ದೆಯಾಗುತ್ತದೆ. ಹಾಗಾಗಿ ತುಸು ಸಡಿಲವಾಗಿಯೇ ಕಲೆಸಿ. ಇದೇ ಗುಣದಿಂದ ಒಂದು ಉಪಕಾರವೂ ಇದೆ: ಮೊಸರು ಕಟ್ಟಲು ಸಮಯವಿಲ್ಲದ ದಿನ, ಮಾಮೂಲಿ ಗಟ್ಟಿ ಮೊಸರಿನ ಮೇಲೆ ನಿಂತ ನೀರು ಬಸಿದು ಮೂರು ಚಮಚ ಹಿಂಡಿ ಹಾಕಿದರೆ ಹೆಚ್ಚಿನ ನೀರನ್ನು ಅದೇ ಹಿಡಿದುಕೊಳ್ಳುತ್ತದೆ.

ಅಗಸಿ ಹಿಂಡಿಯೂ ಹೀಗೆ ನೀರು ಹಿಡಿಯುತ್ತದೆ, ಇನ್ನೂ ಹೆಚ್ಚು. ಅಗಸಿ ಸಿಪ್ಪೆಯ ಲೋಳೆ ಒಂದು ಸಣ್ಣ ಚಮಚ ಪುಡಿಗೆ ಮೂರು ಚಮಚ ನೀರನ್ನು ಹಿಡಿದು ಕೂರುತ್ತದೆ. ಆದರೆ ಒಂದು ಚಮಚ ಮೀರಿದರೆ ಸಲಾಡ್ ಎಳೆಎಳೆಯಾಗಿ ಜಾರುತ್ತದೆ, ಬಾಯಿಗೆ ಹಿತವಲ್ಲ. ಪುಡಿ ಮಾಡಿಟ್ಟ ಅಗಸಿಯ ಎಣ್ಣೆ ಬೇಗ ಕಮಟುತ್ತದೆ, ಫ್ರಿಜ್ಜಿನಲ್ಲಿಡಿ.

ತೊಗರಿ ಬೇಳೆಯ ಡ್ರೆಸಿಂಗ್

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದನ್ನು ಸಾರು, ಪಪ್ಪಿನ ಆಚೆ ನಾವು ಹೆಚ್ಚು ಯೋಚಿಸುವುದಿಲ್ಲ. ಕಡಲೆಯಿಂದ ಹಮ್ಮಸ್ ಮಾಡುವಂತೆ ತೊಗರಿಯಿಂದಲೂ ಗಟ್ಟಿ ಲೇಪ ಮಾಡಬಹುದು. ಹಾಲು ಮೊಸರು ಒಗ್ಗದವರಿಗೆ ಇದು ಒಳ್ಳೆಯ ದಾರಿ.

40 ಗ್ರಾಂ ಬೇಳೆ ತೊಳೆದು ಅರ್ಧ ಗಂಟೆ ನೆನೆಸಿ, ಸಣ್ಣ ಪಾತ್ರೆಯಲ್ಲಿ 100 ಮಿ.ಲೀ. ನೀರು, ಚಿಟಿಕೆ ಅರಿಷಿಣ ಹಾಕಿ ಕುಕ್ಕರಿನೊಳಗಿಟ್ಟು ನಾಲ್ಕು ಸೀಟಿ ಕೂಗಿಸಿ. ಸಾರಿಗೆ ಹಾಕುವಷ್ಟು ನೀರು ಇಲ್ಲಿ ಬೇಡ. ಮೇಲೆ ಕಟ್ಟು ಉಳಿದಿದ್ದರೆ ಬಸಿದು ಸಾರಿಗೆ ತೆಗೆದಿಡಿ. ಬೇಳೆ ಬಿಸಿ ಇರುವಾಗಲೇ ಬಳ್ಳೊಳ್ಳಿ ಒಂದು ಎಸಳು, ಹುರಿದ ಜೀರಿಗೆ ಕಾಲು ಚಮಚ, ಎರಡು ಸಣ್ಣ ಚಮಚ ಎಣ್ಣೆ ಸೇರಿಸಿ ನುಣ್ಣಗೆ ಅರೆದು, ಆಮೇಲೆ ತಣಿಸಿ. ತಣಿದಂತೆ ಪಿಷ್ಟ ಬಿಗಿದು ಲೇಪ ಎರಡು ಪಟ್ಟು ಗಟ್ಟಿಯಾಗುತ್ತದೆ. ಬಿಸಿಯಿದ್ದಾಗ ತೆಳ್ಳಗೆ ಕಂಡಿತೆಂದು ಗಾಬರಿ ಬೇಡ, ಗಟ್ಟಿ ಕಂಡಿತೆಂದು ನೀರು ಸೇರಿಸುವುದೂ ಬೇಡ. ಪೂರ್ತಿ ತಣಿದ ಮೇಲಷ್ಟೇ ಹದ ನೋಡಿ, ಒಂದೆರಡು ಚಮಚ ನೀರು, ನಿಂಬೆ ರಸದಿಂದ ಸಡಿಲಿಸಿ. ತೊಗರಿ ಲೇಪಕ್ಕೆ ಹುಳಿ ಮೊಸರಿನದ್ದಕ್ಕಿಂತ ಹೆಚ್ಚು ಬೇಕು, ಎರಡು ಸಣ್ಣ ಚಮಚ ನಿಂಬೆ ರಸವಾದರೂ ಇರಲಿ. ಇಲ್ಲದಿದ್ದರೆ ತತ್ತಿಯೂ ಬೇಳೆಯೂ ಎರಡೂ ಸಪ್ಪೆ ಸೇರಿ ಊಟಕ್ಕೆ ಜೀವ ಬರುವುದಿಲ್ಲ. ಬೇಳೆ ಅರೆಬೆಂದಿದ್ದರೆ ಎಷ್ಟು ಅರೆದರೂ ಮರಳು ಮರಳಾಗಿಯೇ ಇರುತ್ತದೆ. ಬೆರಳಿನಲ್ಲಿ ಹಿಸುಕಿದಾಗ ನಡುವೆ ಕಾಳು ಸಿಗಬಾರದು.

ಉಳಿದವುಗಳ ಬಗ್ಗೆ ಸಂಕ್ಷಿಪ್ತವಾಗಿ. ಪನೀರ್ 60 ಗ್ರಾಂಗೆ ಮೂರು ಚಮಚ ಹಾಲು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಹುಳಿಯಿಲ್ಲದ ಮೃದು ಡ್ರೆಸಿಂಗ್ ಆಗುತ್ತದೆ, ಸಣ್ಣ ಮಕ್ಕಳಿಗೆ ಇಷ್ಟ. ಬೆಣ್ಣೆಹಣ್ಣು ಕೊಬ್ಬಿನ ದೃಷ್ಟಿಯಿಂದ ಬಹಳ ಒಳ್ಳೆಯದು, ಆದರೆ ನಮ್ಮಲ್ಲಿಗೆ ಬರುವಷ್ಟರಲ್ಲಿ ದುಬಾರಿ, ಹೆಚ್ಚಿದ ಅರ್ಧ ಗಂಟೆಗೆ ಕಂದಾಗುತ್ತದೆ. ಮಯೋನೀಸ್ ಪೂರ್ತಿ ಬಿಡಲು ಮನಸ್ಸಿಲ್ಲದವರು ಒಂದು ಚಮಚ ಮಯೋನೀಸಿಗೆ ಮೂರು ಚಮಚ ಕಟ್ಟಿದ ಮೊಸರು ಸೇರಿಸಿ ಶುರುಮಾಡಿ. ಎಣ್ಣೆ ಮುಕ್ಕಾಲು ಪಾಲು ಇಳಿಯುತ್ತದೆ, ನಾಲಿಗೆಗೆ ದೊಡ್ಡ ವ್ಯತ್ಯಾಸ ತಿಳಿಯುವುದಿಲ್ಲ.

ಡ್ರೆಸಿಂಗ್ ಬದಲಿಸಿದರೆ ತತ್ತಿಯ ಕೊಲೆಸ್ಟರಾಲ್ ಇಳಿಯುವುದಿಲ್ಲ ಎಂಬುದೂ ತಿಳಿದಿರಲಿ. ಒಂದು ದೊಡ್ಡ ತತ್ತಿಯಲ್ಲಿ 185 ಮಿ.ಗ್ರಾಂ ಆಸುಪಾಸು ಇರುತ್ತದೆ, ಅಷ್ಟೂ ಹಳದಿಯಲ್ಲೇ. ವೈದ್ಯರು ಹಳದಿ ಮಿತಿಗೊಳಿಸಲು ಹೇಳಿದ್ದರೆ ನಾಲ್ಕು ಬಿಳಿಗೆ ಎರಡು ಹಳದಿ ಇಟ್ಟುಕೊಂಡು, ಒಟ್ಟಿಗೆ ಹಿಡಿದಿಡಲು ತೊಗರಿ ಲೇಪ ಬಳಸಿ. ಹಳದಿ ಕಡಿಮೆಯಾದಾಗ ಮೊಸರೊಂದೇ ನಿಲ್ಲುವುದಿಲ್ಲ.

ತರಕಾರಿಯ ನೀರು

ಕಲಬುರಗಿಯ ಕಣ್ಣಿ ಮಾರ್ಕೆಟ್‌ನಿಂದ ತಂದ ಎಳೆ ಸವತಿಕಾಯಿ, ಉಳ್ಳಾಗಡ್ಡಿ, ಗಜ್ಜರಿ ಎಲ್ಲವೂ ಸಲಾಡಿಗೆ ಹೊಂದುತ್ತವೆ. ತೊಂದರೆ ಉಪ್ಪಿನದು. ಉಪ್ಪು ತಾಕಿದ ಕೂಡಲೇ ತರಕಾರಿಯ ಜೀವಕೋಶದಿಂದ ನೀರು ಹೊರಬರುತ್ತದೆ. ಮಯೋನೀಸಿನ ಎಣ್ಣೆ ತರಕಾರಿಯ ಮೈಗೆ ಹತ್ತಿ ಇದನ್ನು ಸ್ವಲ್ಪ ತಡೆಯುತ್ತಿತ್ತು, ಮೊಸರು ತಡೆಯುವುದಿಲ್ಲ. ಸವತಿಕಾಯಿಯ ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆದು, ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಮುಷ್ಟಿಯಲ್ಲಿ ನೀರು ಹಿಂಡಿ ತೆಗೆದು ಹಾಕಿ. ಉಳ್ಳಾಗಡ್ಡಿಯನ್ನು ಹೆಚ್ಚಿದ ಮೇಲೆ ತಣ್ಣೀರಿನಲ್ಲಿ ಒಮ್ಮೆ ತೊಳೆದು ಬಟ್ಟೆಯಲ್ಲಿ ಒತ್ತಿ. ಘಾಟೂ ಇಳಿಯುತ್ತದೆ, ನೀರೂ ಹೋಗುತ್ತದೆ. ಟೊಮೆಟೊ ಬೇಡವೇ ಬೇಡ. ಹಾಕಲೇಬೇಕೆಂದರೆ ತಟ್ಟೆಯ ಪಕ್ಕದಲ್ಲಿಡಿ. ಹಕ್ಕರಕಿ ಸೊಪ್ಪು ಸಿಗುವ ಕಾಲದಲ್ಲಿ ಎಂಟತ್ತು ಎಳೆ ಎಲೆ ಸಣ್ಣಗೆ ಹೆಚ್ಚಿ ಹಾಕಿ ನೋಡಿ. ಅದರ ಸಣ್ಣ ಕಹಿ ಹಳದಿಯ ಜಿಡ್ಡಿಗೆ ಚೆನ್ನಾಗಿ ಒಪ್ಪುತ್ತದೆ, ನೀರೂ ಹೆಚ್ಚು ಬಿಡುವುದಿಲ್ಲ.

ಬೇಸಿಗೆ, ಡಬ್ಬಿ, ರೊಟ್ಟಿ

ಮಯೋನೀಸ್ ಇಲ್ಲ, ಹಾಗಾಗಿ ಹೊರಗಿಟ್ಟರೂ ಕೆಡುವುದಿಲ್ಲ ಎಂಬ ನಂಬಿಕೆ ತಪ್ಪು. ಬೆಂದ ತತ್ತಿ, ಮೊಸರು, ಬೇಳೆ ಎಲ್ಲವೂ ಕೆಡುವಂಥವೇ. ಕಂಪನಿ ಮಯೋನೀಸಿನಲ್ಲಿ ವಿನೆಗರ್, ಸಂರಕ್ಷಕ ಇರುತ್ತವೆ, ನಮ್ಮ ಡ್ರೆಸಿಂಗಿನಲ್ಲಿ ಇಲ್ಲ. ಇಂಥ ಆಹಾರ ಸಾಮಾನ್ಯ ಹವೆಯಲ್ಲಿ ಎರಡು ಗಂಟೆ, 32 ಡಿಗ್ರಿ ಮೀರಿದಾಗ ಒಂದೇ ಗಂಟೆ ಹೊರಗಿರಬಹುದು. ನಮ್ಮಲ್ಲಿ ಮಾರ್ಚ್‌ನಿಂದ ಜೂನ್ ತನಕ ಹಗಲೆಲ್ಲ ಆ ಒಂದು ಗಂಟೆಯ ಲೆಕ್ಕವೇ. ಬೆಳಿಗ್ಗೆ ಎಂಟಕ್ಕೆ ಕಲೆಸಿದ ಸಲಾಡನ್ನು ಡಬ್ಬಿಯಲ್ಲಿ ಹಾಕಿ ಸೇಡಂ, ಯಾದಗಿರಿ ಬಸ್ಸು ಹತ್ತಿ ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡುವುದು ಆ ದಿನಗಳಲ್ಲಿ ಸಲ್ಲದು. ಕೆಲಸದ ಜಾಗದಲ್ಲಿ ಫ್ರಿಜ್ ಇದ್ದರೆ ಹೆಪ್ಪುಗಟ್ಟಿದ ಸಣ್ಣ ನೀರಿನ ಬಾಟಲಿಯನ್ನು ಡಬ್ಬಿಗೆ ಒತ್ತಿಟ್ಟು ಒಯ್ದು, ಹೋದ ಕೂಡಲೇ ಒಳಗಿಡಿ. ಫ್ರಿಜ್ ಇಲ್ಲದವರು ಬೇಸಿಗೆ ಡಬ್ಬಿಗೆ ಒಣ ಶೇಂಗಾ ಹಿಂಡಿ, ರೊಟ್ಟಿ ಕಟ್ಟಿಕೊಂಡು, ತತ್ತಿ ಸಲಾಡನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ.

ಫ್ರಿಜ್ಜಿನಲ್ಲಿ, ಉಳ್ಳಾಗಡ್ಡಿ ಸೇರಿಸದ ಮೊಸರಿನ ಸಲಾಡ್ ಎರಡು ದಿನ ಸರಿಯಿರುತ್ತದೆ. ಸೇರಿಸಿದ್ದು ಮರುದಿನಕ್ಕೇ ವಾಸನೆ ಹಿಡಿಯುತ್ತದೆ. ಸಿಪ್ಪೆ ಸಮೇತ ಕುದಿಸಿಟ್ಟ ತತ್ತಿ ಒಂದು ವಾರ ತಾಳುತ್ತದೆ, ಹಾಗಾಗಿ ವಾರಕ್ಕಾಗುವಷ್ಟು ತತ್ತಿ ಕುದಿಸಿ ದಿನದಿನಕ್ಕೆ ಡ್ರೆಸಿಂಗ್ ಕಲೆಸುವುದು ಜಾಣತನ. ಫ್ರೀಜರ್‌ಗೆ ಹಾಕಬೇಡಿ. ಬಿಳಿ ಭಾಗ ರಬ್ಬರಿನಂತಾಗುತ್ತದೆ, ಮೊಸರು ಒಡೆಯುತ್ತದೆ.

ತಿನ್ನಲು ಬ್ರೆಡ್‌ಗಿಂತ ಕಡಕ್ ರೊಟ್ಟಿ ನನಗೆ ಹೆಚ್ಚು ಹಿಡಿಸುತ್ತದೆ. ಮೈದಾ ಬ್ರೆಡ್ ಮೊಸರಿನ ತೇವಕ್ಕೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಬ್ರೆಡ್ಡೇ ಬೇಕೆಂದರೆ ಒಳಮೈಗೆ ತೆಳ್ಳಗೆ ಬೆಣ್ಣೆ ಸವರಿ ಕಾವಲಿಯಲ್ಲಿ ಕಾಯಿಸಿ, ಪೂರ್ತಿ ಆರಿದ ಮೇಲೆ ಸಲಾಡ್ ಹಚ್ಚಿ. ಕಡಕ್ ಜೋಳದ ರೊಟ್ಟಿಯನ್ನು ಅಂಗೈ ಅಗಲ ಮುರಿದು, ಎರಡು ಚಮಚ ಸಲಾಡ್ ಹರಡಿ, ಮೇಲೆ ಚಿಟಿಕೆ ಕೆಂಪು ಖಾರ ಉದುರಿಸಿ. ರೊಟ್ಟಿಯ ಸದ್ದು ಹತ್ತು ನಿಮಿಷ ಉಳಿಯುತ್ತದೆ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಹಚ್ಚಿಡದೆ, ಸಲಾಡಿನ ಬಟ್ಟಲನ್ನು ಐಸ್ ತುಂಬಿದ ತಟ್ಟೆಯ ಮೇಲಿಟ್ಟು, ರೊಟ್ಟಿಯನ್ನು ಪಕ್ಕದಲ್ಲಿಡಿ, ಅವರವರೇ ಹಚ್ಚಿಕೊಳ್ಳಲಿ.